ಸೇರಿತೋ, ಸೇರಿಸಿಕೊಂಡರೋ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಬ್ರಿಟಿಷರು 1831ರಲ್ಲಿ ಮೈಸೂರನ್ನು ‘ವಶಕ್ಕೆ ತೆಗೆದುಕೊಂಡರು’, 1834ರಲ್ಲಿ ಕೊಡಗನ್ನು ‘ವಿಲೀನ ಮಾಡಿಕೊಂಡರು’, 1947ರಲ್ಲಿ ಮೈಸೂರು ಭಾರತದಲ್ಲಿ ‘ವಿಲೀನವಾಯಿತು’ ಎಂದು ಹೇಳಿಕೊಡುತ್ತೇವೆ. ಪೇಪರ್ ತೆಗೆದರೆ ರಷ್ಯಾ ಕ್ರಿಮಿಯಾವನ್ನು ‘ಸ್ವಾಧೀನ’ ಮಾಡಿಕೊಂಡಿತು ಎಂದಿರುತ್ತದೆ. ಮೈಸೂರಿನ ಸುತ್ತಲ ಹಳ್ಳಿಗಳಾದರೆ ಪಾಲಿಕೆಗೆ ‘ಸೇರ್ಪಡೆ’. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ‘ಅನೆಕ್ಸ್’ ಅನ್ನುವ ಒಂದೇ ಪದ ಸಾಕಂತೆ. ಕನ್ನಡದಲ್ಲಿ ಯಾವುದು ಸರಿ? ಮಕ್ಕಳು ಕೇಳಿದರೆ ಏನು ಹೇಳಲಿ?
– ಶಿಕ್ಷಕಿ, ಮದ್ದೂರು

ಉತ್ತರ: ಮೇಡಂ, ಇವೆಲ್ಲಕ್ಕೂ ಒಂದೇ ಪದ ಸಾಕು ಅಂತ ನಿಮಗೆ ಹೇಳಿದವರು ಸ್ವಲ್ಪ ಅವಸರ ಮಾಡಿದ್ದಾರೆ. ನೀವು ಕೊಟ್ಟ ಐದು ಉದಾಹರಣೆಗಳಲ್ಲಿ ಕೊಡಗು ಮತ್ತು ಕ್ರಿಮಿಯಾ ಮಾತ್ರ ನಿಜವಾದ ಅನೆಕ್ಸೇಷನ್. ಹಳ್ಳಿಗಳನ್ನು ಪಾಲಿಕೆಗೆ ಸೇರಿಸುವುದಕ್ಕೆ ಅಮೆರಿಕದ ಕಡೆ ಅದೇ ಪದ ಬಳಸುತ್ತಾರೆ, ಆದರೆ ಅದರ ತೂಕ ಬೇರೆ. ಮೈಸೂರಿನ ಎರಡೂ ಪ್ರಸಂಗಗಳು, 1831 ಮತ್ತು 1947, ಅನೆಕ್ಸೇಷನ್ ಅಲ್ಲವೇ ಅಲ್ಲ.

ಹಾಗಾದರೆ ಅನೆಕ್ಸೇಷನ್ ಅಂದರೆ ಏನು? ಒಂದು ದೇಶ ಇನ್ನೊಬ್ಬರ ನೆಲವನ್ನು ‘ಇನ್ನು ಮೇಲೆ ಇದು ನಮ್ಮದು, ನಮ್ಮ ಕಾನೂನೇ ಇಲ್ಲೂ ನಡೆಯುತ್ತದೆ’ ಎಂದು ಸಾರಿ ಕಾಯಂ ಆಗಿ ತನ್ನ ಭಾಗ ಮಾಡಿಕೊಳ್ಳುವುದು. ಇದನ್ನು ಮಾಡುವವರು ಸೇರಿಸಿಕೊಳ್ಳುವವರೇ. ನೆಲ ಕಳೆದುಕೊಳ್ಳುವವರ ರುಜು ಅದಕ್ಕೆ ಬೇಕಿಲ್ಲ. ಸೈನ್ಯ ಒಳಗೆ ನುಗ್ಗಿದ ಮಾತ್ರಕ್ಕೆ ಅದು ಆಗುವುದಿಲ್ಲ. ಹಾಗೆಯೇ ಒಂದು ಗುಂಡೂ ಹಾರದೆ ಆಗಬಹುದು.

ನಿಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಪಕ್ಕದ ಜಮೀನಿನವನು ರಾತ್ರೋರಾತ್ರಿ ಬದು ಒತ್ತಿ ನಿಮ್ಮ ಜಾಗದಲ್ಲಿ ಎರಡು ಸಾಲು ಕಬ್ಬು ನೆಟ್ಟರೆ ಅದು ಆಕ್ರಮಣ. ಅವನೇ ತಾಲ್ಲೂಕು ಕಚೇರಿಗೆ ಹೋಗಿ ಆ ಎರಡು ಸಾಲನ್ನು ತನ್ನ ಪಹಣಿಗೆ ಕೂರಿಸಿಕೊಂಡು ಬಂದರೆ ಅನೆಕ್ಸೇಷನ್. ಮೊದಲನೆಯದು ಹೊಲದಲ್ಲಿ ನಡೆಯುತ್ತದೆ, ಎರಡನೆಯದು ಕಾಗದದಲ್ಲಿ.

ಇದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದೇ ನಾಮಪದ ಇಲ್ಲ. ಅದೇನೂ ಕೊರತೆಯಲ್ಲ. ನಮ್ಮಲ್ಲಿ ಈ ಅರ್ಥ ಕೂತಿರುವುದು ಕ್ರಿಯಾಪದದ ಬಾಲದಲ್ಲಿ. ‘ಸೇರಿತು’, ‘ಸೇರಿಸಿದರು’, ‘ಸೇರಿಸಿಕೊಂಡರು’. ಮೂರನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ಸೇರಿತು ಅಂದರೆ ತಾನೇ ಬಂತು, ಅಥವಾ ಯಾರು ತಂದರು ಎಂಬುದು ಇಲ್ಲಿ ಮುಖ್ಯವಲ್ಲ. ಸೇರಿಸಿದರು ಅಂದರೆ ಮೂರನೆಯವರೊಬ್ಬರು ತಂದು ಜೋಡಿಸಿದರು. ಸೇರಿಸಿಕೊಂಡರು ಅಂದರೆ ಮಾಡಿದವರೂ ಅವರೇ, ಲಾಭವೂ ಅವರಿಗೇ. ಆ ‘ಕೊಳ್ಳು’ ಬಂದ ಕೂಡಲೇ ನೆಲ ಯಾರ ಜೇಬಿಗೆ ಹೋಯಿತು ಅಂತ ಗೊತ್ತಾಗುತ್ತದೆ. ಕರ್ತೃ ಯಾರು ಅಂತ ಮಾತ್ರ ನೋಡಿಕೊಳ್ಳಬೇಕು. ‘ನಮ್ಮೂರು ಸಿಟಿಗೆ ಸೇರ್ಕೊಂಡ್ತು’ ಅಂದರೆ ಊರು ತಾನಾಗಿ ಹೋದ ಹಾಗೆ. ‘ಸಿಟಿಯೋರು ನಮ್ಮೂರನ್ನ ಸೇರಿಸ್ಕೊಂಡ್ರು’ ಅಂದರೆ ಹೇಳುವವರ ಮುಖವೇ ಬೇರೆ ಇರುತ್ತದೆ, ಅಲ್ವಾ?

ಈಗ ನಿಮ್ಮ ಪಾಠಕ್ಕೆ ಬರೋಣ. 1831 ಮತ್ತು 1834ನ್ನು ಪಕ್ಕಪಕ್ಕ ಇಟ್ಟು ಹೇಳಿಕೊಟ್ಟರೆ ಒಳ್ಳೆಯದು. ಅದೇ ಈಸ್ಟ್ ಇಂಡಿಯಾ ಕಂಪನಿ, ಅದೇ ಗವರ್ನರ್ ಜನರಲ್ ಬೆಂಟಿಂಕ್, ನಡುವೆ ಮೂರೇ ವರ್ಷ. ಆದರೆ ಮಾಡಿದ ಕೆಲಸ ಬೇರೆ ಬೇರೆ.

ಮೈಸೂರಿನಲ್ಲಿ ಏನಾಯಿತು? 1830–31ರಲ್ಲಿ ನಗರದ ಕಡೆ ರೈತರು ದಂಗೆ ಎದ್ದರು. ಈ ನಗರ ಶಿವಮೊಗ್ಗ ಸೀಮೆಯದು, ಹಿಂದಿನ ಬಿದನೂರು. ಮಕ್ಕಳು ಇದನ್ನು ಮೈಸೂರು ನಗರ ಅಂತ ತಿಳಿದುಕೊಳ್ಳುವುದು ಜಾಸ್ತಿ, ಮೊದಲೇ ಹೇಳಿಬಿಡಿ. ಆಡಳಿತ ಕೆಟ್ಟಿದೆ ಎಂದು ಹೇಳಿ ಬೆಂಟಿಂಕ್ ರಾಜ್ಯದ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದು ಕಮಿಷನರುಗಳಿಗೆ ಕೊಟ್ಟ. ಅದಕ್ಕೆ ಅವನು, ಟಿಪ್ಪು ಬಿದ್ದ ಮೇಲೆ ಕಂಪನಿ ಮೈಸೂರಿನ ಜೊತೆ ಮಾಡಿಕೊಂಡ 1799ರ ಒಪ್ಪಂದದ ಒಂದು ಕಲಮನ್ನೇ ಆಧಾರವಾಗಿ ತೋರಿಸಿದ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರು ಅವನದೇ. ಆದರೆ ಇಷ್ಟೂ ಕಾಲ ಮೈಸೂರು ಕಂಪನಿಯ ನೆಲ ಆಗಲಿಲ್ಲ. ಮಹಾರಾಜರು ಮಹಾರಾಜರಾಗಿಯೇ ಅರಮನೆಯಲ್ಲಿದ್ದರು. ರಾಜ್ಯ ವಾಪಸ್ ಕೊಡಿ ಎಂದು ಅರ್ಜಿಯ ಮೇಲೆ ಅರ್ಜಿ ಬರೆಯುತ್ತಲೇ ಇದ್ದರು. 1865ರಲ್ಲಿ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಬ್ರಿಟಿಷ್ ಸರ್ಕಾರ ಆ ದತ್ತಕವನ್ನು ಒಪ್ಪಿತು. ಮರುವರ್ಷವೇ ಮುಮ್ಮಡಿಯವರು ತೀರಿಕೊಂಡರು. ಆ ಹುಡುಗ ಚಾಮರಾಜೇಂದ್ರ ಒಡೆಯರಿಗೆ 1881ರ ಮಾರ್ಚ್ 25ರಂದು ರಾಜ್ಯ ಮರಳಿ ಬಂತು.

ಐವತ್ತು ವರ್ಷದ ನಂತರ ವಾಪಸ್ ಕೊಡಬಹುದಾಗಿತ್ತು ಅಂದರೆ ಅದನ್ನು ಪೂರ್ತಿ ನುಂಗಿರಲಿಲ್ಲ ಎಂದೇ ಅರ್ಥ. ಹಾಗಾಗಿ 1831ಕ್ಕೆ ‘ಆಡಳಿತ ವಹಿಸಿಕೊಂಡರು’ ಅನ್ನಿ. ‘ಆಡಳಿತವನ್ನು ವಶಕ್ಕೆ ತೆಗೆದುಕೊಂಡರು’ ಅಂದರೂ ಆಯಿತು. ‘ಆಡಳಿತ’ ಅನ್ನುವ ಆ ಒಂದು ಪದ ಮಾತ್ರ ಬಿಡಬೇಡಿ. ಬಿಟ್ಟರೆ ವಾಕ್ಯ ಸುಳ್ಳಾಗುತ್ತದೆ.

ಕೊಡಗಿನದು ಬೇರೆ ಕಥೆ. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಮಡಿಕೇರಿಗೆ ಬಂತು. ಕೊಡಗಿನ ರಾಜ ಚಿಕ್ಕವೀರರಾಜೇಂದ್ರ ಶರಣಾದ. ಮೇ ತಿಂಗಳಲ್ಲಿ ಕಂಪನಿಯ ಅಧಿಕಾರಿ ಕರ್ನಲ್ ಫ್ರೇಸರ್ ಒಂದು ಘೋಷಣೆ ಹೊರಡಿಸಿದ. ಅದರ ಒಕ್ಕಣೆ ಗಮನಿಸಬೇಕು. ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಂತೆ ಈ ನಾಡು ಕಂಪನಿಗೆ ಸೇರಿದೆ ಎಂಬ ಧಾಟಿ ಅದರದು. ರಾಜನನ್ನು ಕಾಶಿಗೆ ಕಳಿಸಿದರು. ಅವನು ಮತ್ತೆ ಕೊಡಗು ನೋಡಲಿಲ್ಲ. ಮುಂದೆ ಲಂಡನ್ನಿಗೆ ಹೋಗಿ ತನ್ನ ಹಣಕ್ಕಾಗಿ ದಾವೆ ಹೂಡಿ ಅಲ್ಲೇ ತೀರಿಕೊಂಡ.

ನೆಲ ನಿಜವಾಗಿ ಕಂಪನಿಯದಾಯಿತು ಅನ್ನುವುದಕ್ಕೆ ಇನ್ನೊಂದು ಗುರುತಿದೆ. ಘೋಷಣೆ ಆದ ಮೇಲೆ ಸುಳ್ಯ, ಪುತ್ತೂರು ಕಡೆಯ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಹಾಕಿದರು. ಇನ್ನೊಬ್ಬರ ಮನೆಯನ್ನು ಸುಮ್ನೆ ಕಾಯುತ್ತಿರುವವನು ಹಾಗೆ ಗೋಡೆ ಒಡೆದು ಹಂಚಲಾರ. 1837ರಲ್ಲಿ ಆ ಕಡೆಯ ರೈತರು ದಂಗೆ ಎದ್ದು ಮಂಗಳೂರಿನವರೆಗೂ ಹೋದರು. ಕಲ್ಯಾಣಪ್ಪನ ಕಾಟಕಾಯಿ, ಅಮರಸುಳ್ಯ ದಂಗೆ ಎಂದು ಇಂದಿಗೂ ಕರೆಯುವುದು ಇದನ್ನೇ. ಒಮ್ಮತದ ಇಚ್ಛೆ ಎಷ್ಟಿತ್ತು ಅಂತ ನೀವೇ ಲೆಕ್ಕ ಹಾಕಿ.

ಈ ‘ಜನರ ಇಚ್ಛೆ’ ಎಂಬ ಸಾಲು ಮುಂದೆ ಬೇರೆ ದೇಶಗಳಲ್ಲೂ ಸಿಗುತ್ತದೆ. ಸೇರಿಸಿಕೊಳ್ಳುವವರು ‘ಸೇರಿಸಿಕೊಂಡೆವು’ ಅಂತ ಬಾಯಿಬಿಟ್ಟು ಹೇಳುವುದು ಬಹಳ ಕಮ್ಮಿ. ಸಾಮಾನ್ಯವಾಗಿ ‘ಸೇರಿತು’ ಎಂದೇ ಬರೆಯುತ್ತಾರೆ. ಪತ್ರಿಕೆ ಓದುವಾಗ ನಾನು ಮೊದಲು ನೋಡುವುದು ಆ ಕ್ರಿಯಾಪದವನ್ನೇ.

ನಿಮ್ಮ ಜಿಲ್ಲೆಯೊಳಗೇ ಇದಕ್ಕಿಂತ ಸ್ವಾರಸ್ಯದ ಪ್ರಸಂಗ ಇದೆ. ಶ್ರೀರಂಗಪಟ್ಟಣ. 1792ರಲ್ಲಿ ಟಿಪ್ಪು ಅಲ್ಲೇ ಒಪ್ಪಂದಕ್ಕೆ ರುಜು ಹಾಕಿ ಸುಮಾರು ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಿಕೊಂಡು ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಬಂದೂಕಿನ ಬಾಯಿಗೆ ನಿಂತು ಹಾಕಿದ ರುಜುವೇ ಇರಲಿ, ರುಜು ಬಿದ್ದಿದೆ. ಹಾಗಾಗಿ ಅದಕ್ಕೆ ‘ಬಿಟ್ಟುಕೊಡು’ ಎಂಬ ಕ್ರಿಯಾಪದ. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ರುಜು ಹಾಕಲು ಯಾರೂ ಉಳಿಯಲಿಲ್ಲ. ಗೆದ್ದವರೇ ಕೂತು ಹಂಚಿಕೊಂಡರು. ಕೆನರಾ, ಕೊಯಮತ್ತೂರು, ವೈನಾಡು ಕಂಪನಿಗೆ. ಒಂದು ಪಾಲು ನಿಜಾಮನಿಗೆ. ಉಳಿದದ್ದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ, ವರ್ಷಕ್ಕೆ 7 ಲಕ್ಷ ಪಗೋಡ ಕಪ್ಪದ ಕರಾರಿನ ಮೇಲೆ.

ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ಕಂಪನಿ ಬಿಡಲಿಲ್ಲ, ತಾನೇ ಇಟ್ಟುಕೊಂಡಿತು. ಸುತ್ತ ನಾಲ್ಕು ಕಡೆ ಮೈಸೂರು ರಾಜ್ಯ, ನಡುವೆ ಕಾವೇರಿ ಸುತ್ತುವರಿದ ಆ ತುಂಡು ಮಾತ್ರ ಬ್ರಿಟಿಷ್ ನೆಲ. ಮೈಸೂರು ಸರ್ಕಾರ ಅದನ್ನು ವರ್ಷಕ್ಕೆ 50 ಸಾವಿರ ರೂಪಾಯಿ ಗುತ್ತಿಗೆಗೆ ಇಟ್ಟುಕೊಂಡಿತ್ತು. ಒಂದು ಕಾಲಕ್ಕೆ ತನ್ನದೇ ರಾಜಧಾನಿ, ಈಗ ಅದಕ್ಕೇ ಬಾಡಿಗೆ! 1881ರಲ್ಲಿ ರಾಜ್ಯ ಮರಳಿಸುವಾಗ ಬಾಡಿಗೆ ಬಿಟ್ಟು ದ್ವೀಪವನ್ನು ಮೈಸೂರಿಗೆ ಕೊಟ್ಟರು. ಪುಕ್ಕಟೆ ಅಲ್ಲ. ಬದಲಿಗೆ ಬೆಂಗಳೂರಿನ ದಂಡು ಪ್ರದೇಶವನ್ನು ತಾವು ಇಟ್ಟುಕೊಂಡರು. ಆ ದಂಡು ಮೈಸೂರಿಗೆ ವಾಪಸ್ ಬಂದದ್ದು 1947ರಲ್ಲಿ. ಇಲ್ಲಿ ಯಾವ ಪದ ಹಾಕುತ್ತೀರಿ? ‘ವಿನಿಮಯ’ ಅಂದರೆ ಸಾಕು, ಸರಿಯಾಗಿಯೂ ಇರುತ್ತದೆ. ‘ವಿಲೀನ’ ಅಂದರೆ ನಗೆ ಬರುತ್ತದೆ.

ನೆಲ ದುಡ್ಡಿಗೆ ಬಂದದ್ದೂ ಉಂಟು. 1687ರ ಹೊತ್ತಿಗೆ ಚಿಕ್ಕದೇವರಾಜ ಒಡೆಯರು ಮೊಘಲರಿಂದ ಬೆಂಗಳೂರನ್ನು 3 ಲಕ್ಷ ರೂಪಾಯಿಗೆ ಕೊಂಡರು. ಇಲ್ಲಿ ‘ಕೊಳ್ಳು’ ಬಾಲವಲ್ಲ, ಅದೇ ಮುಖ್ಯ ಕ್ರಿಯಾಪದ.

ಇನ್ನು ‘ವಿಲೀನ’. ಇದು ನಾವು ಸಿಕ್ಕಾಪಟ್ಟೆ ಬಳಸುವ ಪದ, ಅದರಿಂದಲೇ ಗೊಂದಲ ಜಾಸ್ತಿ. ವಿಲೀನ ಅಂದರೆ ಕರಗಿ ಒಂದಾಗುವುದು. ಕರಗಿದ್ದಕ್ಕೆ ಆಮೇಲೆ ಬೇರೆ ಗುರುತು ಇರಬಾರದು. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತಲ್ಲ, ಅದು ವಿಲೀನ. ಬೋರ್ಡೂ ಹೋಯಿತು, ಪಾಸ್‌ಬುಕ್ಕೂ ಬದಲಾಯಿತು. ಹಳೆಯ ಗ್ರಾಹಕರು ಇನ್ನೂ ‘ಮೈಸೂರು ಬ್ಯಾಂಕ್’ ಅನ್ನುತ್ತಾರೆ, ಬೆಂಗಳೂರಿನ ಆ ಸರ್ಕಲ್ಲಿಗೂ ಅದೇ ಹೆಸರು ನಿಂತಿದೆ, ಆ ಮಾತು ಬೇರೆ.

ಈ ಅಳತೆಗೋಲು ಹಿಡಿದು 1947ನ್ನು ನೋಡಿ. ಆಗಸ್ಟ್ 9ರಂದು ಜಯಚಾಮರಾಜ ಒಡೆಯರು ರುಜು ಹಾಕಿದ ಪತ್ರದಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟದ್ದು ಮೂರೇ ವಿಷಯ: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಉಳಿದ ಆಡಳಿತವೆಲ್ಲ ಮೊದಲಿನಂತೆ ಅರಮನೆ ಮತ್ತು ದಿವಾನರ ಕೈಯಲ್ಲೇ ಇತ್ತು. ಹಾಗಾಗಿಯೇ ರುಜು ಬಿದ್ದು, ಸ್ವಾತಂತ್ರ್ಯವೂ ಬಂದ ಮೇಲೆ, ಸೆಪ್ಟೆಂಬರಿನಲ್ಲಿ ಜನ ಜವಾಬ್ದಾರಿ ಸರ್ಕಾರ ಬೇಕು, ‘ಮೈಸೂರು ಚಲೋ’ ಎಂದು ಬೀದಿಗೆ ಇಳಿಯಬೇಕಾಯಿತು. ವಿಲೀನ ಆಗಿಬಿಟ್ಟಿದ್ದರೆ ಆ ಚಳವಳಿಗೆ ಕಾರಣವೇ ಇರುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. 1949ರ ನವೆಂಬರಿನಲ್ಲಿ ಮಹಾರಾಜರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ ಎಂದು ಘೋಷಿಸಿದರು. 1950ರ ಜನವರಿ 26ರಂದು ಮೈಸೂರು ಗಣರಾಜ್ಯದ ಒಂದು ರಾಜ್ಯವಾಯಿತು, ಮಹಾರಾಜರು ರಾಜಪ್ರಮುಖರಾದರು, ಅಂದರೆ ರಾಜ್ಯಪಾಲರಂಥ ಸ್ಥಾನ. ನನ್ನನ್ನು ಕೇಳಿದರೆ 1947 ‘ಸೇರ್ಪಡೆ’, 1950 ‘ವಿಲೀನ’. ಪಠ್ಯದಲ್ಲಿ ಎರಡನ್ನೂ ಒಂದೇ ಪದದಲ್ಲಿ ಮುಗಿಸಿದ್ದರೂ ನೀವು ಬೋರ್ಡಿನ ಮೇಲೆ ಬೇರೆ ಬೇರೆ ಬರೆಯಿರಿ. ಜಮಖಂಡಿ, ಮುಧೋಳ, ಸವಣೂರಿನಂಥ ಸಣ್ಣ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಕರಗಿಹೋದವು. ಅವುಗಳದು ಮಾತ್ರ ನೇರ ವಿಲೀನ.

ಹೈದರಾಬಾದಿನಲ್ಲಿ ಪದವೇ ಒಂದು ಪಕ್ಷ ವಹಿಸುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಹೋಯಿತು, 17ರಂದು ನಿಜಾಮ ಸೋಲೊಪ್ಪಿದ. ಹೋದದ್ದು ಸೈನ್ಯವಾದರೂ ಹೆಸರು ‘ಪೊಲೀಸ್ ಕಾರ್ಯಾಚರಣೆ’. ಬೇರೆ ದೇಶದ ಮೇಲೆ ಯುದ್ಧವಲ್ಲ, ನಮ್ಮ ಮನೆಯೊಳಗಿನ ಶಾಂತಿ ಪಾಲನೆ ಎಂದು ಹೇಳುವುದಕ್ಕೆ ಆ ಹೆಸರು. ಹೊರಗಿನ ಕೆಲವು ಇತಿಹಾಸಕಾರರು ಅನೆಕ್ಸೇಷನ್ ಎಂದೇ ಬರೆಯುತ್ತಾರೆ. ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಕಾಟ ಉಂಡ ಕಲಬುರಗಿ, ಬೀದರ್, ರಾಯಚೂರಿನ ಜನರಿಗೆ ಅದು ‘ವಿಮೋಚನೆ’. 1961ರ ಡಿಸೆಂಬರಿನ ಗೋವಾದಲ್ಲೂ ಹೀಗೆಯೇ. ನಮಗೆ ವಿಮೋಚನೆ, ಪೋರ್ಚುಗಲ್ಲಿಗೆ ಅತಿಕ್ರಮಣ. ಅವರು ಒಪ್ಪಿಕೊಂಡದ್ದು 1974ರಲ್ಲಿ, ಅವರ ಸರ್ವಾಧಿಕಾರ ಬಿದ್ದ ಮೇಲೆ. ವಿಮೋಚನೆ ಅನ್ನಬಾರದು ಅಂತ ನಾನು ಹೇಳುತ್ತಿಲ್ಲ. ಅದು ಅಲ್ಲಿದ್ದವರ ಅನುಭವದ ಪದ, ಕಾನೂನಿನ ಪದವಲ್ಲ, ಅಷ್ಟೆ. ಸಿಕ್ಕಿಂನಲ್ಲಿ 1975ರ ಏಪ್ರಿಲ್‌ನಲ್ಲಿ ಮತದಾನ ನಡೆದು, ಸಂವಿಧಾನದ 36ನೇ ತಿದ್ದುಪಡಿಯ ಮೂಲಕ ಅದು ಭಾರತದ ರಾಜ್ಯವಾಯಿತು. ಅಲ್ಲೂ ಈ ಜಗಳ ಇದೆ.

ಸೈನ್ಯ ನುಗ್ಗುವುದಕ್ಕೂ ಸೇರಿಸಿಕೊಳ್ಳುವುದಕ್ಕೂ ಇರುವ ಅಂತರ ಬಿಡಿಸಿ ತೋರಿಸಲು ಕುವೈತಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಒಳಗೆ ಬಂತು. ಅಂದು ಅದು ಆಕ್ರಮಣ. ಆಗಸ್ಟ್ 8ರಂದು ಸದ್ದಾಂ ಸರ್ಕಾರ ಕುವೈತ್ ಇನ್ನು ಇರಾಕಿನ ಭಾಗ ಎಂದು ಸಾರಿತು. ಅಂದು ಅದು ಅನೆಕ್ಸೇಷನ್. ಮರುದಿನವೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 662ನೇ ನಿರ್ಣಯದಲ್ಲಿ ಆ ಘೋಷಣೆಗೆ ಕಾನೂನಿನ ಬೆಲೆಯೇ ಇಲ್ಲ ಎಂದಿತು. ಆ ಆರು ದಿನಗಳಲ್ಲಿ ಬೀದಿಯಲ್ಲಿದ್ದ ಟ್ಯಾಂಕುಗಳು ಅವೇ. ಬದಲಾದದ್ದು ಒಂದು ಕಾಗದ.

ಉಕ್ರೇನಿನ ಭಾಗವಾಗಿದ್ದ ಕ್ರಿಮಿಯಾದಲ್ಲೂ ಕಾಗದ ಬೇಗ ಬಂತು. 2014ರ ಮಾರ್ಚ್ 16ರಂದು, ರಷ್ಯಾದ ಸೈನಿಕರು ಅಲ್ಲಿ ಇರುವಾಗಲೇ, ಜನಮತ ಸಂಗ್ರಹ. 18ರಂದು ಮಾಸ್ಕೋದಲ್ಲಿ ರುಜು. ರಷ್ಯಾ ಅದನ್ನು ‘ಸೇರಿತು’ ಅನ್ನುತ್ತದೆ. ಮಾರ್ಚ್ 27ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 100 ದೇಶಗಳು ಆ ಜನಮತಕ್ಕೆ ಮಾನ್ಯತೆ ಇಲ್ಲ ಎಂಬ ನಿರ್ಣಯದ ಪರ ನಿಂತವು. ವಿರುದ್ಧ 11, ತಟಸ್ಥ 58. ಭಾರತ ತಟಸ್ಥರ ಸಾಲಿನಲ್ಲಿತ್ತು. ಕನ್ನಡದಲ್ಲಿ ನಾನಾದರೆ ‘ರಷ್ಯಾ ಕ್ರಿಮಿಯಾವನ್ನು ತನ್ನೊಳಗೆ ಸೇರಿಸಿಕೊಂಡಿತು’ ಎಂದು ಬರೆಯುತ್ತೇನೆ. ಪತ್ರಿಕೆಯವರಿಗೆ ತಲೆಬರಹದಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಅದಕ್ಕೇ ‘ರಷ್ಯಾ ತೆಕ್ಕೆಗೆ ಕ್ರಿಮಿಯಾ’. ಪಾಪ, ತೆಕ್ಕೆ ಅಪ್ಪುಗೆಯ ಪದ. ಇಂಥ ಕಡೆ ಅದು ತುಸು ಪ್ರೀತಿ ಜಾಸ್ತಿ ಆಯಿತು.

‘ಸ್ವಾಧೀನ’ದ ಬಗ್ಗೆ ನನಗೆ ತಕರಾರಿದೆ. ಮೈಸೂರು–ಬೆಂಗಳೂರು ಹೆದ್ದಾರಿಗೆ ಜಮೀನು ಕೊಟ್ಟ ಮದ್ದೂರು, ಮಂಡ್ಯದ ರೈತರಿಗೆ ಭೂಸ್ವಾಧೀನ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಬದಲಾಗುವುದು ಜಮೀನಿನ ಮಾಲೀಕರು, ದೇಶವಲ್ಲ. ಅದೇ ಪದವನ್ನು ಕ್ರಿಮಿಯಾಗೂ ಹಾಕಿದರೆ ಮಕ್ಕಳಿಗೆ ಪರಿಹಾರದ ಚೆಕ್ ನೆನಪಾದೀತು. ‘ಒತ್ತುವರಿ’ ಕೆರೆ ಅಂಗಳಕ್ಕೆ, ಗೋಮಾಳಕ್ಕೆ ಸರಿ. ‘ಕಬಳಿಸು’ ಸಿಟ್ಟಿನ ಪದ. ಭಾಷಣಕ್ಕೆ ಚೆನ್ನ, ಪರೀಕ್ಷೆಯ ಉತ್ತರಕ್ಕೆ ಬೇಡ.

ಮೈಸೂರು ಪಾಲಿಕೆಯದು ಚಿಕ್ಕ ವಿಷಯ. ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರದಂಥ ಊರುಗಳನ್ನು ನಗರಕ್ಕೆ ಸೇರಿಸುವುದು ರಾಜ್ಯ ಸರ್ಕಾರ, ತನ್ನ ಕಾನೂನಿನ ಪ್ರಕಾರ. ಪಾಲಿಕೆ ತಾನೇ ಗಡಿ ದಾಟಿ ಹೋಗಿ ಸೇರಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ‘ಸೇರಿಸಿದರು’, ನಾಮಪದ ಬೇಕಾದರೆ ‘ಸೇರ್ಪಡೆ’. ಆ ಊರಿನವರು ಕಂದಾಯ ಏರುತ್ತದೆ, ನೀರು ಮಾತ್ರ ಬರಲ್ಲ ಅಂತ ಬೈದುಕೊಳ್ಳುವಾಗ ‘ಸೇರಿಸ್ಕೊಂಡ್ರು’ ಅನ್ನುತ್ತಾರೆ. ಅವರು ಹಾಗನ್ನುವುದರಲ್ಲಿ ತಪ್ಪೇನಿಲ್ಲ.

ಮಕ್ಕಳಿಗೆ ಒಂದು ಅಭ್ಯಾಸ ಕೊಡುವುದಾದರೆ ಕೊಳ್ಳೇಗಾಲ ಕೊಡಿ. ಟಿಪ್ಪು ಕಾಲದವರೆಗೆ ಅದು ಮೈಸೂರಿನದು. 1799ರಲ್ಲಿ ಕಂಪನಿ ಕೊಯಮತ್ತೂರಿನ ಜೊತೆ ಅದನ್ನೂ ತನ್ನ ಪಾಲಿಗೆ ಸೇರಿಸಿಕೊಂಡಿತು. 1956ರ ನವೆಂಬರ್ 1ರಂದು, ಸಂಸತ್ತು ಮಾಡಿದ ರಾಜ್ಯ ಪುನರ್ವಿಂಗಡಣೆ ಕಾಯ್ದೆಯಂತೆ, ಅದು ಕೊಯಮತ್ತೂರು ಜಿಲ್ಲೆಯಿಂದ ಬಿಟ್ಟು ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಮಾಡಿದಾಗ ಸರ್ಕಾರ ಅದನ್ನು ಅಲ್ಲಿಗೆ ಸೇರಿಸಿತು. ಒಂದೇ ತಾಲ್ಲೂಕು, ಮೂರೂ ಕ್ರಿಯಾಪದ. ವರ್ಷ ಮತ್ತು ಘಟನೆ ಮಾತ್ರ ಬೋರ್ಡಿನ ಮೇಲೆ ಬರೆದು, ಕ್ರಿಯಾಪದದ ಜಾಗ ಖಾಲಿ ಬಿಟ್ಟು ತುಂಬಿಸಲು ಹೇಳಿ.